ಸತ್ತವಳಿಗೆ ಯಾಕೆ ಸ್ಕ್ಯಾನು?

ನನ್ನ ಗೆಳತಿ ನಾಲೆಯಲ್ಲಿ ಸಿಕ್ಕಳು ಎಂದು ಅವಳ ತಂಗಿ ಫೋನ್ ಮಾಡಿದಾಗ ನಾನು ಹಾಸನದ ಆಸ್ಪತ್ರೆಯಲ್ಲಿ ಯಾರದೋ ಬೆನ್ನುಮೂಳೆಯ ಚಿತ್ರ ನೋಡುತ್ತಾ ಕೂತಿದ್ದೆ. "ಹಾರ್ಕೊಂಡ್ಲು ಅಂತಾವ್ರೆ ಅಕ್ಕ. ನಂಗೆ ನಂಬೋಕೇ ಆಗ್ತಿಲ್ಲ" ಅಂದಳು.

ನನಗೂ ನಂಬಲಾಗಲಿಲ್ಲ. ಹೊಳೆನರಸೀಪುರದಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಮ್ಮದು ದೇವಸ್ಥಾನದ ಬೀದಿಯ ಮನೆ, ಅಪ್ಪ ಮೇಷ್ಟ್ರು, ದೊಡ್ಡಪ್ಪ ಅರ್ಚಕರು. ಅವಳ ಅಪ್ಪ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಹೆಣ್ಣುಮಕ್ಕಳು ಹೊಳೆಗಿಳಿದು ಈಜುವುದು ಚೆಂದವಲ್ಲ ಎಂದು ನಮ್ಮಮ್ಮ ನನ್ನನ್ನು ದಡದಲ್ಲೇ ಕೂರಿಸುತ್ತಿದ್ದಳು. ನನ್ನ ಗೆಳತಿಗೆ ಆ ಮಾತು ಹೇಳುವವರು ಯಾರೂ ಇರಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ. ಲಂಗ ಎತ್ತಿ ಕಟ್ಟಿ ಹೇಮಾವತಿಗೆ ಧುಮುಕಿದರೆ ಆಚೆ ದಡದಿಂದಲೇ ಕೈ ಬೀಸುತ್ತಿದ್ದಳು. ನಾನು ಓದಿ ಡಾಕ್ಟರಾದೆ, ಸ್ಕ್ಯಾನ್ ಚಿತ್ರಗಳನ್ನು ಓದುವ ರೇಡಿಯಾಲಜಿಯವಳಾದೆ. ಅವಳನ್ನು ಅರಕಲಗೂಡಿಗೆ ಕೊಟ್ಟರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಾ ಎಂದು ಎಲ್ಲರೂ ಕರೆದರು. ಅವಳು ಹೋಗದೆ ಅಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ತೆರೆದಳು. ಸುತ್ತಲ ಹಳ್ಳಿಯ ಮದುವೆ ಹೆಣ್ಣುಗಳೆಲ್ಲ ಅವಳಲ್ಲಿಗೇ ಬರುತ್ತಿದ್ದರು.

ಅಂಗಡಿಯಲ್ಲಿ ಅವಳ ಜೊತೆ ಕತ್ತರಿಸಿ ಹೊಲಿಯಲು ಒಬ್ಬ ಮಾಸ್ಟರ್ ಇದ್ದ. ನಲವತ್ತು ದಾಟಿದವನು, ಹೆಂಡತಿ ಮಕ್ಕಳಿರುವವನು. ಅವನ ತಂದೆಯ ಕಾಲದಲ್ಲೇ ಮನೆಯವರೆಲ್ಲ ಬೌದ್ಧರಾಗಿದ್ದರು. ಅಂಗಡಿಯ ಗೋಡೆಯ ಮೇಲೆ ಅವನು ತಂದ ಬುದ್ಧನ ಕ್ಯಾಲೆಂಡರು, ಅದರ ಪಕ್ಕಕ್ಕೆ ಅವಳ ಲಕ್ಷ್ಮಿಯ ಪಟ. ಊರಿನ ಪಾಲಿಗೆ ಮಾತ್ರ ಅವನು ಇನ್ನೂ ಕೇರಿಯವನೇ. ಗಂಡ ಸತ್ತವಳೊಬ್ಬಳು, ಕೇರಿಯವನೊಬ್ಬ, ದಿನವಿಡೀ ಒಂದೇ ಅಂಗಡಿಯಲ್ಲಿ. ಅವಳ ಬೆನ್ನ ಹಿಂದೆ ಜನ ಏನು ಆಡಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. "ಬ್ಲೌಸ್ ಹೊಲ್ಸೋಕೆ ಬರೋವಾಗ ಮಾತ್ರ ನಗ್ತಾ ಬರ್ತಾವೆ ಕಣೇ" ಎಂದು ನನ್ನ ಹತ್ತಿರ ಹೇಳಿದ್ದಳು.

ಗೌರಿ ಹಬ್ಬ ಹತ್ತಿರವಿತ್ತು. ಹಬ್ಬಕ್ಕೆ ಮುಂಚೆ ಜಮಖಾನ, ಹೊದಿಕೆಗಳನ್ನೆಲ್ಲ ನಾಲೆಗೆ ಒಯ್ದು ಒಗೆಯುವುದು ಆ ಕಡೆ ವಾಡಿಕೆ. ಒಂದು ಬೆಳಗ್ಗೆ ಅವಳೂ ಹೋಗಿದ್ದಳು. ಹೋದವಳು ಬರಲಿಲ್ಲ. ಮೆಟ್ಟಿಲ ಮೇಲೆ ಬಕೆಟ್ಟು, ಒಗೆದು ಹಿಂಡಿಟ್ಟ ಎರಡು ಹೊದಿಕೆ, ಸೋಪು ಹಚ್ಚಿ ಅರ್ಧ ಉಜ್ಜಿದ ಜಮಖಾನ ಹಾಗೇ ಇದ್ದವು. ಮರುದಿನ ಹೊಳೆನರಸೀಪುರದ ಕಡೆ, ನಾಲೆಯ ತೂಬಿನ ಕಂಬಿಗೆ ಸಿಕ್ಕಿಕೊಂಡ ಅವಳ ದೇಹವನ್ನು ಹೊಲಕ್ಕೆ ನೀರು ಬಿಡಲು ಬಂದವರು ನೋಡಿದರು.

ಅದರ ಮರುಬೆಳಗ್ಗೆ ಸ್ಥಳೀಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಜೀವನದಲ್ಲಿ ಜಿಗುಪ್ಸೆಗೊಂಡು ಮಹಿಳೆ ನಾಲೆಗೆ ಹಾರಿ ಆತ್ಮಹತ್ಯೆ. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಜಿಗುಪ್ಸೆಗೊಂಡವಳು ಅರ್ಧ ಒಗೆದ ಜಮಖಾನ ಬಿಟ್ಟು ಹಾರುತ್ತಾಳೆಯೇ? ಬರೆದವನು ಆ ಮೆಟ್ಟಿಲ ಹತ್ತಿರ ಹೋಗಿರಲಿಲ್ಲ. ಅವಳನ್ನು ನೋಡಿರಲಿಲ್ಲ. ನೀರಿನಲ್ಲಿ ಹೆಂಗಸಿನ ಹೆಣ ಸಿಕ್ಕರೆ ಹಾಕಲು ಒಂದು ಸಿದ್ಧ ವಾಕ್ಯವಿದೆ, ಹಾಕಿದ್ದ, ಅಷ್ಟೇ.

ಅಷ್ಟಕ್ಕೇ ಮುಗಿಯಲಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಅವಳ ಹಣೆಯ ಮೇಲಿನ ಗಾಯ, ಕತ್ತಿನ ಬದಿಯ ತರಚು ನೋಡಿ, ಇದನ್ನು ಹಾಸನಕ್ಕೆ ಕಳಿಸಿ, ಫೊರೆನ್ಸಿಕ್‌ನವರು ನೋಡಲಿ ಎಂದರು. ಅವರು ಮಾಡಿದ್ದು ಸರಿಯೇ. ಆದರೆ ಆ ಮಾತು ಅರಕಲಗೂಡು ತಲುಪುವಷ್ಟರಲ್ಲಿ ಆತ್ಮಹತ್ಯೆ ಹೋಗಿ ಕೊಲೆಯಾಗಿತ್ತು. ಬೆಳಗ್ಗೆ, "ಈಜು ಬರೋಳು ಮುಳುಗವ್ಳೆ ಅಂದ್ರೆ ಬೇಕು ಅಂತ್ಲೇ ಬಿದ್ದವ್ಳೆ" ಅಂದವರೇ ಮಧ್ಯಾಹ್ನ, "ಈಜು ಬರೋಳು ಮುಳುಗವ್ಳೆ ಅಂದ್ರೆ ಯಾರೋ ಹೊಡ್ದು ತಳ್ಳವ್ರೆ" ಅಂದರು. ಯಾರು ಅನ್ನುವುದಕ್ಕೆ ಯೋಚನೆಯೂ ಬೇಕಾಗಲಿಲ್ಲ. ಮಾಸ್ಟರ್ ಆ ಬೆಳಗ್ಗೆ ನಾಲೆ ಏರಿಯ ಮೇಲೆ ಮೊಪೆಡ್‌ನಲ್ಲಿ ಹೋದದ್ದನ್ನು ಒಬ್ಬರು ನೋಡಿದ್ದರು. ಅವನು ದಿನಾ ಅದೇ ದಾರಿಯಲ್ಲಿ ಅಂಗಡಿಗೆ ಬರುವವನು. ಸಂಜೆಯೊಳಗೆ ಅವನನ್ನು ಠಾಣೆಗೆ ಎಳೆದೊಯ್ದರು.

ಮರುದಿನ ನಾನು ಶವಾಗಾರಕ್ಕೆ ಹೋದೆ. ಅಲ್ಲಿನ ಫೊರೆನ್ಸಿಕ್ ಡಾಕ್ಟರು ನನಗಿಂತ ಬಹಳ ಚಿಕ್ಕವರು, ಮೆಲುಮಾತಿನ ಮನುಷ್ಯ. ನಾನು ಅವಳ ಮುಖ ನೋಡಿ ಹೊರಗೆ ಬಂದು ಗೋಡೆಗೆ ಒರಗಿ ನಿಂತಾಗ ಅವರೇ ಒಂದು ಕುರ್ಚಿ ತಂದು ಹಾಕಿದರು.

"ಮೇಡಂ, ನಾನು ನಾಳೆ ಕೊಯ್ಯಬೇಕು" ಅಂದರು. "ಅದಕ್ಕೆ ಮುಂಚೆ ಒಂದು ಸಿ.ಟಿ. ಆದ್ರೆ ಚೆನ್ನಾಗಿತ್ತು. ಬೇರೆ ದೇಶಗಳಲ್ಲಿ ಮಾಡ್ತಾರೆ, ನಮ್ಮಲ್ಲೂ ದೊಡ್ಡ ಊರುಗಳಲ್ಲಿ ಶುರುವಾಗಿದೆ. ಮುಳುಗಿದವರ ಮೂಗಿನ ಹಿಂದಿನ ಗೂಡುಗಳಲ್ಲಿ, ಕಿವಿಯ ಹಿಂದಿನ ಮೂಳೆಯಲ್ಲಿ ನೀರಿರುತ್ತೆ. ಉಸಿರುನಾಳದಲ್ಲಿ ನೊರೆ, ಮರಳು ಇರುತ್ತೆ. ನಾನು ಕತ್ತರಿ ಹಾಕಿದ ಕ್ಷಣ ಎಷ್ಟೋ ಸೋರಿ ಹೋಗುತ್ತೆ, ಜಾಗ ಬದಲಾಗುತ್ತೆ. ಕೊಯ್ಯೋಕೆ ಮುಂಚೆ ಇದ್ದದ್ದು ಇದ್ದ ಹಾಗೇ ಕಾಣೋದು ನಿಮ್ಮ ಮಿಷನ್ನಿಗೆ ಮಾತ್ರ."

"ಅದರಿಂದ ಮುಳುಗಿದ್ದೇ ಸಾವಿಗೆ ಕಾರಣ ಅಂತ ಹೇಳಬಹುದಾ?"

"ಅದೊಂದರಿಂದಲೇ ಆಗಲ್ಲ. ಸತ್ತ ಮೇಲೆ ನೀರಿಗೆ ಹಾಕಿದ್ರೂ ಸ್ವಲ್ಪ ನೀರು ಒಳಗೆ ನುಗ್ಗುತ್ತೆ. ಆದ್ರೆ ಕುತ್ತಿಗೆ ಹಿಸುಕಿದ್ರೆ, ತಲೆಗೆ ಹೊಡೆದಿದ್ರೆ ಅದೂ ಕಾಣುತ್ತಲ್ಲ. ಎಲ್ಲ ಒಟ್ಟಿಗಿಟ್ಟು ನೋಡಿದ್ರೆ ನಾನು ಗಟ್ಟಿಯಾಗಿ ಬರೀಬಹುದು."

ಅವರು ಹೇಳಿದ್ದರಲ್ಲಿ ನನಗೆ ಹೊಸದೇನಿರಲಿಲ್ಲ. ಜೀವಂತ ಜನರ ಇದೇ ಗೂಡುಗಳನ್ನು, ಇದೇ ಶ್ವಾಸಕೋಶಗಳನ್ನು ದಿನಾ ನೋಡುವವಳು ನಾನು. ಯಂತ್ರ ನಮ್ಮ ಆಸ್ಪತ್ರೆಯಲ್ಲೇ ಇತ್ತು, ಮಧ್ಯಾಹ್ನದ ನಂತರ ಬಹಳ ಹೊತ್ತು ಖಾಲಿಯೇ ಇರುತ್ತಿತ್ತು. ಕೇಳಿದರೆ ಕೊಡುತ್ತಾರೆ ಅಂದುಕೊಂಡಿದ್ದೆ.

ಆಸ್ಪತ್ರೆಯ ಆಡಳಿತ ನೋಡುವ ಹಿರಿಯರ ಕೊಠಡಿಗೆ ಹೋದೆ. ಅಲ್ಲಿ ಇನ್ನೂ ಇಬ್ಬರು ಡಾಕ್ಟರು ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಹಿರಿಯರು ಲೋಟ ಕೆಳಗಿಟ್ಟರು.

"ಸತ್ತವಳಿಗೆ ಯಾಕೆ ಸ್ಕ್ಯಾನು ಮೇಡಂ? ರಿಪೋರ್ಟ್ ಬಂದ ಮೇಲೆ ಟ್ರೀಟ್‌ಮೆಂಟ್ ಕೊಡ್ತೀರಾ?"

ಕೂತಿದ್ದವರು ನಕ್ಕರು. ಶವಾಗಾರದಲ್ಲಿ ತಣ್ಣಗೆ ಮಲಗಿದ್ದವಳು ನನ್ನ ಗೆಳತಿ ಎಂದು ಅವರಿಗೆ ಗೊತ್ತಿತ್ತು. ನಾನೇ ಹೇಳಿದ್ದೆ.

"ಒಬ್ಬ ಮನುಷ್ಯನನ್ನ ಠಾಣೆಯಲ್ಲಿ ಕೂರಿಸಿಕೊಂಡಿದಾರೆ ಸರ್. ಅವನು ಕೊಂದನೋ ಇಲ್ಲವೋ ಅಂತ ಗೊತ್ತಾಗೋಕೆ ಇದು ಸಹಾಯ ಆಗುತ್ತೆ."

"ಅದು ಪೊಲೀಸರ ಕೆಲಸ. ಮಿಷನ್ ಮೈಲಿಗೆ ಆಗುತ್ತೆ ಅಂತ ಸ್ಟಾಫು ಗಲಾಟೆ ಮಾಡ್ತಾರೆ. ನಾಳೆ ಅದೇ ಟೇಬಲ್ ಮೇಲೆ ಬಸುರಿ ಹೆಂಗಸರು ಮಲಗಬೇಕು, ಅವರಿಗೆ ಗೊತ್ತಾದರೆ?"

"ಬಸುರಿಯರಿಗೆ ನಾವು ಸಿ.ಟಿ. ಮಾಡೋದೇ ಇಲ್ಲ ಸರ್. ಆ ಟೇಬಲ್ ಮೇಲೆ ಮಲಗಿದ್ದಾಗಲೇ ಪ್ರಾಣ ಹೋದವರಿದ್ದಾರೆ, ಅದು ನಿಮಗೂ ಗೊತ್ತು. ಅವತ್ತು ಒರೆಸಿ ಮುಂದಿನವರನ್ನ ಕರೆದಿದೀವಿ. ಇವತ್ತೂ ಒರೆಸೋಣ."

ಅವರಿಗೆ ಸಿಟ್ಟು ಬಂತು. ಪೊಲೀಸರು ಲಿಖಿತವಾಗಿ ಕೇಳಿದರೆ ನೋಡೋಣ ಎಂದು ಮಾತು ಮುಗಿಸಿದರು. ಕೇಳುವುದಿಲ್ಲ ಅನ್ನುವ ಧೈರ್ಯ ಅವರಿಗೆ. ನಾನು ಶವಾಗಾರದ ಬಳಿ ಕಾಯುತ್ತಿದ್ದ ಅವಳ ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಅರಕಲಗೂಡಿನ ಠಾಣೆಗೆ ಹೋದೆ.

ಒಳಗೆ ಹೋಗುತ್ತಲೇ ಮಾಸ್ಟರ್ ಕಂಡ. ಗೋಡೆಯ ಬದಿಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಪಾದಗಳು ಊದಿ ಹೊಳೆಯುತ್ತಿದ್ದವು. ನಮ್ಮನ್ನು ನೋಡಿ ಏಳಲು ಹೋದ, ಆಗಲಿಲ್ಲ.

"ಅಕ್ಕಾವ್ರು ಮುನ್ನಾ ದಿನದಿಂದ್ಲೂ ತಲೆನೋವು ಅಂತಿದ್ರು ಡಾಕ್ಟ್ರಮ್ಮ" ಅಂದ. "ಕತ್ತಿನ ಇಂದೆ ಯಾರೋ ಇಡ್ಕೊಂಡಂಗಾಯ್ತದೆ ಅಂದ್ರು. ಬಟ್ಟೆ ನಾಳೆ ಒಗುದ್ರಾಯ್ತು ಬುಡಿ ಅಂದೆ, ಕೇಳ್ನಿಲ್ಲ. ಇವ್ರಿಗೂ ಯೋಳ್ದೆ. ಯಾರೂ ಕಿವಿ ಮ್ಯಾಕ್ ಆಕ್ಕೊಳ್ನಿಲ್ಲ."

"ಸುಮ್ನಿರ್ಲಾ" ಎಂದು ಮೇಜಿನ ಹಿಂದಿದ್ದವನು ಗದರಿದ.

ಅವಳ ತಂಗಿ ಅಳುತ್ತಲೇ ಮಾಸ್ಟರ್ ಹತ್ತಿರ ಹೋಗಿ ನೆಲದ ಮೇಲೆ ಕೂತಳು. ಅದನ್ನು ನೋಡಿ ಅಲ್ಲಿದ್ದವರಿಗೆ ಇರುಸುಮುರುಸಾಯಿತು. ಸತ್ತವಳ ತಂಗಿ ಕೊಂದವನ ಪಕ್ಕ ಕೂರುವುದೆಂದರೆ ಅವರ ಕಥೆಗೆ ಅದು ಹೊಂದುವುದಿಲ್ಲ. ಇನ್ಸ್‌ಪೆಕ್ಟರು ನನ್ನನ್ನು ಒಳಗೆ ಕರೆದು ಬಹಳ ಮರ್ಯಾದೆಯಿಂದ ಮಾತಾಡಿದರು. "ದೊಡ್ಡ ಮನೆತನದೋರು ನೀವು. ಇದ್ರಲ್ಲೆಲ್ಲ ಯಾಕೆ ತಲೆ ಹಾಕ್ತೀರ ಮೇಡಂ? ಇನ್ನೊಂದು ದಿನ ಬಿಟ್ರೆ ಅವನೇ ಒಪ್ಕೋತಾನೆ."

"ಅವನು ಒಪ್ಕೋತಾನೆ ಅಂತ ನನಗೂ ಗೊತ್ತು" ಅಂದೆ. "ಆ ಕಾಲು ನೋಡಿದ ಮೇಲೆ ಗೊತ್ತಾಯ್ತು. ಆಮೇಲೆ ಪೋಸ್ಟ್‌ಮಾರ್ಟಂನಲ್ಲಿ ಬೇರೇನೇ ಬಂದ್ರೆ ನೀವು ಕೋರ್ಟಿನಲ್ಲಿ ಏನು ಹೇಳ್ತೀರ? ಸ್ಕ್ಯಾನ್ ಬೇಕು ಅಂತ ಡಾಕ್ಟರೇ ಕೇಳಿದ್ರು, ನೀವೇ ಬೇಡ ಅಂದ್ರಿ ಅಂತ ನಾನು ಬಂದು ಸಾಕ್ಷಿ ಹೇಳ್ತೀನಿ."

ಅವರು ಠಾಣೆಯ ರೈಟರನ್ನು ಕರೆದು ಕೋರಿಕೆ ಬರೆಯಲು ಹೇಳಿದರು. ನ್ಯಾಯಕ್ಕಾಗಿ ಬರೆಸಲಿಲ್ಲ, ತಮ್ಮ ತಲೆ ಉಳಿಸಿಕೊಳ್ಳಲು ಬರೆಸಿದರು. ಹೇಗೋ ಒಂದು, ಬರೆದರಲ್ಲ. ಅದೇ ಮಾತನ್ನು ಕೇರಿಯಿಂದ ಬಂದ ಅವನ ಹೆಂಡತಿ ಹೇಳಿದ್ದರೆ ಒಳಗೆ ಬಿಡುತ್ತಿದ್ದರೇ ಎಂದು ನೆನೆದಾಗ ನನಗೆ ಸಿಕ್ಕ ಆ ಮರ್ಯಾದೆಯೇ ಹೇಸಿಗೆಯಾಯಿತು. ಅವಳು ಹೊರಗೆ, ಕಾಂಪೌಂಡಿನ ಆಚೆ, ಬೆಳಗಿನಿಂದ ನಿಂತೇ ಇದ್ದಳು.

ಮರುದಿನ ರೋಗಿಗಳೆಲ್ಲ ಮುಗಿದ ಮೇಲೆ ಅವಳನ್ನು ತಂದರು. ಹಿಂದಿನ ಬಾಗಿಲಿನಿಂದ ತರಬೇಕು, ಯಾರಿಗೂ ಕಾಣಬಾರದು ಎಂದು ಮೇಲಿನಿಂದ ಆಜ್ಞೆಯಾಗಿತ್ತು. ಯಂತ್ರ ನಡೆಸುವ ಟೆಕ್ನೀಷಿಯನ್ ಮುಖ ಗಂಟು ಹಾಕಿಕೊಂಡೇ ಬಂದ. ಬಂದವನು ಮಾತ್ರ ಅವಳನ್ನು ಜೋಪಾನವಾಗಿ ಟೇಬಲ್ಲಿಗೆ ಮಲಗಿಸಿದ. ಜೀವ ಇರುವವರಿಗೆ ನಾವು ಮೈಕಿನಲ್ಲಿ, ಉಸಿರು ಬಿಗಿ ಹಿಡೀರಿ, ಈಗ ಬಿಡಿ ಎನ್ನುತ್ತೇವೆ. ಅಭ್ಯಾಸಬಲದಿಂದ ಅವನ ಕೈ ಆ ಗುಂಡಿಯ ಹತ್ತಿರ ಹೋಗಿ ಹಿಂದೆ ಬಂತು.

ಗೆಳತಿಯ ಚಿತ್ರವನ್ನು ನಾನೊಬ್ಬಳೇ ಓದಿದರೆ ನಾಳೆ ಯಾರಾದರೂ ಬೆರಳು ತೋರಿಸುತ್ತಾರೆ. ಅದಕ್ಕೇ ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ರೇಡಿಯಾಲಜಿಸ್ಟನ್ನು ಕರೆದು, ಅವಳು ಯಾರೆಂದಾಗಲೀ ಊರಿನ ಮಾತಾಗಲೀ ಹೇಳದೆ, ಮೊದಲು ನೀವು ನೋಡಿ ಅಂದೆ. ಆತ ಒಂದೊಂದೇ ಪದರ ಸರಿಸುತ್ತಾ ಬಂದರು. ಮೂಗಿನ ಹಿಂದಿನ ಗೂಡುಗಳಲ್ಲಿ ನೀರು ಮಟ್ಟಸವಾಗಿ ನಿಂತಿತ್ತು. ಕಿವಿಯ ಹಿಂದಿನ ಮೂಳೆಯಲ್ಲೂ ಇತ್ತು. ಉಸಿರುನಾಳದಲ್ಲಿ ನೊರೆ, ಅದರ ತಳದಲ್ಲಿ ಬೆಳ್ಳಗೆ ಮಿನುಗುವ ನುಣುಪು ಮರಳು. ಶ್ವಾಸಕೋಶಗಳು ಹಬೆ ಹಿಡಿದ ಗಾಜಿನ ಹಾಗಿದ್ದವು. ಕತ್ತಿನ ಮೂಳೆ, ಗಂಟಲಿನ ಪುಟ್ಟ ಮೂಳೆ ಎಲ್ಲ ನೆಟ್ಟಗಿದ್ದವು. ತಲೆಬುರುಡೆ ಎಲ್ಲೂ ಬಿರಿದಿರಲಿಲ್ಲ. ಹಣೆಯ ಗಾಯ ಚರ್ಮದಲ್ಲೇ ನಿಂತಿತ್ತು.

ಆಮೇಲೆ ಮಿದುಳಿನ ಬುಡ ಬಂತು. ಆತ ಮೌಸ್ ನಿಲ್ಲಿಸಿದರು. ಕಪ್ಪಗಿರಬೇಕಾದ ಜಾಗದಲ್ಲೆಲ್ಲ ರಕ್ತ ಬೆಳ್ಳಗೆ, ನಕ್ಷತ್ರದ ಹಾಗೆ ಹರಡಿತ್ತು. ನಾವಿಬ್ಬರೂ ಇಂಥದ್ದನ್ನು ಎಷ್ಟೋ ಸಲ ನೋಡಿದ್ದೆವು. ಮಿದುಳಿನ ಬುಡದ ರಕ್ತನಾಳದಲ್ಲಿ ಗುಳ್ಳೆಯಂತೆ ಊದಿಕೊಂಡ ಜಾಗ ಒಂದು ದಿನ ಒಡೆಯುತ್ತದೆ. ಒಡೆಯುವ ಮುಂಚೆ ಕೆಲವರಿಗೆ ಕತ್ತಿನ ಹಿಂದೆ ನೋವು ಬರುತ್ತದೆ. ಒಡೆದ ಕ್ಷಣ ನಿಂತವರು ನಿಂತಲ್ಲೇ ಪ್ರಜ್ಞೆ ತಪ್ಪಿ ಬೀಳುತ್ತಾರೆ.

ಫೊರೆನ್ಸಿಕ್ ಡಾಕ್ಟರು ಚಿತ್ರ ನೋಡಿಕೊಂಡು ಹೋಗಿ, ಕೊಯ್ದಾಗ ಅಲ್ಲೇ ಹುಡುಕಿದರು. ಒಡೆದ ಗುಳ್ಳೆ ಸಿಕ್ಕಿತು. ಹಣೆಯ, ಕತ್ತಿನ ತರಚುಗಳ ಅಡಿಯಲ್ಲಿ ರಕ್ತ ಇಳಿದಿರಲಿಲ್ಲ, ಅಂದರೆ ಸತ್ತ ಮೇಲೆ ನಾಲೆಯ ಸಿಮೆಂಟಿಗೆ ಉಜ್ಜಿ ಆದವು. ಜಮಖಾನ ಉಜ್ಜುತ್ತಿದ್ದವಳ ತಲೆಯೊಳಗೆ ರಕ್ತನಾಳ ಒಡೆದಿದೆ, ಎಚ್ಚರ ತಪ್ಪಿ ಮುಂದಕ್ಕೆ ಬಿದ್ದಿದ್ದಾಳೆ, ಉಸಿರು ಇನ್ನೂ ಆಡುತ್ತಿದ್ದುದರಿಂದ ನೀರನ್ನೇ ಎಳೆದುಕೊಂಡಿದ್ದಾಳೆ. ಎಷ್ಟು ಚೆನ್ನಾಗಿ ಈಜು ಬಂದರೂ ಅದು ಅಲ್ಲಿ ಏನೂ ಮಾಡುವಂತಿರಲಿಲ್ಲ. ಅವಳು ಹಾರಿಕೊಂಡಿರಲಿಲ್ಲ. ಅವಳನ್ನು ಯಾರೂ ತಳ್ಳಿರಲಿಲ್ಲ.

ಮಾಸ್ಟರನ್ನು ಅಂದೇ ಬಿಟ್ಟರು. ಹೋಗು ಅಂದರು, ಅಷ್ಟೇ. ಒಂದು ತಪ್ಪಾಯ್ತು ಅನ್ನುವ ಮಾತೂ ಇಲ್ಲ. ನಾನೂ ಅವಳ ತಂಗಿಯೂ ಹೋಗಿ ಅವನನ್ನೂ ಅವನ ಹೆಂಡತಿಯನ್ನೂ ಕಾರಿನಲ್ಲಿ ಕರೆತಂದೆವು. ದಾರಿಯಲ್ಲಿ ಅವನು ಕೇಳಿದ್ದು ಒಂದೇ. "ಅಕ್ಕಾವ್ರಿಗೆ ಬಾಳ ನೋವಾಯ್ತಾ ಡಾಕ್ಟ್ರಮ್ಮ?"

"ಇಲ್ಲ. ನೀರು ತಾಗಿದ್ದೂ ಗೊತ್ತಾಗಿರಲ್ಲ" ಅಂದೆ. ಅವನು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ಹೆಂಡತಿ ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು.

ಆ ಪತ್ರಿಕೆಗೆ ನಾನೇ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿ, ನೀವು ಹಾಕಿದ್ದು ಸುಳ್ಳು, ತಿದ್ದಿ ಹಾಕಿ ಅಂದೆ. ಆ ಕಡೆಯ ಹುಡುಗನ ದನಿಯಲ್ಲಿ ಸೊಕ್ಕೇನೂ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ. "ರಕ್ತನಾಳ ಒಡೆದು ಸತ್ರೆ ಅದು ಸುದ್ದಿ ಹೇಗಾಗುತ್ತೆ ಮೇಡಂ?" ಅವಳು ಜಿಗುಪ್ಸೆಯಿಂದ ಸತ್ತರೆ ಸುದ್ದಿ, ಕೇರಿಯವನ ಕೈಯಲ್ಲಿ ಸತ್ತರೆ ಇನ್ನೂ ದೊಡ್ಡ ಸುದ್ದಿ, ಮನೆಗೆಲಸ ಮಾಡುತ್ತಾ ಕಾಯಿಲೆಯಿಂದ ಸತ್ತರೆ ಏನೂ ಅಲ್ಲ. ತಿದ್ದುಪಡಿ ಬರಲಿಲ್ಲ. ಅರಕಲಗೂಡಿನಲ್ಲಿ ಈಗಲೂ ಅವಳು ಹಾರಿಕೊಂಡಳು ಅನ್ನುವವರಿದ್ದಾರೆ, ಅವನೇ ಏನೋ ಮಾಡಿರಬೇಕು, ಡಾಕ್ಟರುಗಳನ್ನು ಹಿಡಿದು ಮುಚ್ಚಿಸಿದ ಅನ್ನುವವರೂ ಇದ್ದಾರೆ.

ಸ್ಕ್ಯಾನ್ ಮಾಡಿದ ಮರುದಿನ ಬೆಳಗ್ಗೆ ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸ್ಕ್ಯಾನ್ ಕೊಠಡಿಯ ತುಂಬ ಊದುಬತ್ತಿಯ ಹೊಗೆ. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದಿದ್ದರು. ನಾನು ದೇವಸ್ಥಾನದ ಮನೆಯಲ್ಲಿ ಹುಟ್ಟಿದವಳು, ಪೂಜೆ ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಅವತ್ತು ಬಂತು. ಕಬ್ಬಿಣದ ಯಂತ್ರಕ್ಕೆ ಶಾಂತಿ ಮಾಡಿಸಿದವರಲ್ಲಿ ಒಬ್ಬರೂ ನನ್ನ ಹತ್ತಿರ ಬಂದು, ನಿಮ್ಮ ಗೆಳತಿ ಹೋದರಂತೆ ಮೇಡಂ ಅನ್ನಲಿಲ್ಲ. ಹಿರಿಯರು ನನ್ನನ್ನು ಕರೆಸಿ, ಇನ್ನು ಮುಂದೆ ಇಂಥ ಕೋರಿಕೆ ತರಬೇಡಿ ಅಂದರು.

"ಬಂದ ಫಲಿತಾಂಶ ನೋಡಿದ್ರಾ ಸರ್?" ಎಂದು ಕೇಳಿದೆ.

"ನೋಡಿದೆ. ಒಳ್ಳೇದೇ ಆಯ್ತು. ಆದ್ರೆ ಅದನ್ನೇ ಅಭ್ಯಾಸ ಮಾಡ್ಕೊಳ್ಳೋಕಾಗಲ್ಲ."

ಒಳ್ಳೆಯದನ್ನು ಯಾಕೆ ಅಭ್ಯಾಸ ಮಾಡಿಕೊಳ್ಳಬಾರದು ಎಂದು ನನಗೆ ಇವತ್ತಿಗೂ ಯಾರೂ ವಿವರಿಸಿಲ್ಲ. ಮಳೆಗಾಲದಲ್ಲಿ ನಮ್ಮ ಕೆರೆ, ನಾಲೆ, ಹೊಳೆಗಳಿಂದ ದೇಹಗಳು ಬರುತ್ತಲೇ ಇರುತ್ತವೆ. ಬಹುಪಾಲು ಬಡವರದ್ದು. ಫೊರೆನ್ಸಿಕ್ ಡಾಕ್ಟರು ಆಮೇಲೆಯೂ ಕೇಳಿದರು, ನಾನೂ ಕೇಳಿದೆ. ಪ್ರತಿ ಸಲವೂ ಅದೇ ನಗು. ಫೊರೆನ್ಸಿಕ್ ಡಾಕ್ಟರಿಗೆ ವರ್ಗವಾಯಿತು. ನಾನು ಇನ್ನೂ ಕೇಳುತ್ತಿದ್ದೇನೆ.

ಮಾಸ್ಟರ್‌ಗೆ ಅರಕಲಗೂಡಿನಲ್ಲಿ ಉಳಿಯಲಾಗಲಿಲ್ಲ. ಬ್ಲೌಸ್ ಹೊಲಿಸಲು ಯಾರೂ ಬರಲಿಲ್ಲ. ಅಂಗಡಿ ಕೊಟ್ಟಿದ್ದವರು ಬೇರೆ ನೋಡಿಕೋ ಅಂದರು. ಅವಳ ತಂಗಿ ಹೊಲಿಗೆ ಯಂತ್ರಗಳನ್ನು ಅವನಿಗೇ ಕೊಟ್ಟು ಚನ್ನರಾಯಪಟ್ಟಣದಲ್ಲಿ, ತನ್ನ ಮನೆಗೆ ಹತ್ತಿರ, ಸಣ್ಣ ಮಳಿಗೆ ಹುಡುಕಿಕೊಟ್ಟಳು. ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದೆ. ಅವನು ಚಹಾ ತರಿಸಿದ. ಕಾಲು ಹೇಗಿದೆ ಎಂದು ಕೇಳಿದೆ.

"ಒಂದು ಪಾದ ಅಂಗೇ ಅದೆ ಡಾಕ್ಟ್ರಮ್ಮ. ಪೆಡಲ್ ತುಳಿಯಕ್ ಆಗಲ್ಲ. ಮೋಟ್ರು ಆಕಿಸ್ಕೊಂಡೀವ್ನಿ."

"ಆ ಠಾಣೆಯವರ ಮೇಲೆ ದೂರು ಕೊಡೋಣ ಅಂದಿದ್ದೆನಲ್ಲ, ಯೋಚನೆ ಮಾಡಿದ್ಯಾ? ಚಿತ್ರ ಇದೆ, ವರದಿ ಇದೆ. ನಾನು ಬರ್ತೀನಿ."

ಅವನು ಕತ್ತರಿಯನ್ನು ಬಟ್ಟೆಯ ಮೇಲಿಟ್ಟ. "ನೀವು ಬತ್ತೀರ, ಯೋಳ್ತೀರ, ಮನೆಗ್ ಓಯ್ತೀರ. ಇಲ್ಲೂ ಅದೇ ಪೊಲೀಸ್ನೋರೇ ಅಲ್ವಾ ಇರಾದು? ಈ ಬೀದೀಲಿ ನಾನ್ಯಾರು ಅಂತ ಇನ್ನೂ ಯಾರ್ಗೂ ಗೊತ್ತಿಲ್ಲ. ಅಂಗೇ ಇರ್ಲಿ ಬುಡಿ."

ಅಷ್ಟರಲ್ಲಿ ತಾಯಿ ಮಗಳು ಇಬ್ಬರು ಅಳತೆ ಕೊಡಲು ಬಂದರು. ಅವನು ಟೇಪನ್ನು ಹೆಂಡತಿಯ ಕೈಗೆ ಕೊಟ್ಟು, ತಾನು ಪಕ್ಕಕ್ಕೆ ಸರಿದು ನಿಂತು ಅಳತೆ ಕೂಗಿಸಿಕೊಂಡ. ಹೊಸ ಊರಿನಲ್ಲಿ ಅವನು ಹೆಂಗಸರ ಹತ್ತಿರವೂ ನಿಲ್ಲುವುದಿಲ್ಲ.

ನಾನು ಎದ್ದು ಬಂದು ಹಾಸನದ ಬಸ್ಸು ಹತ್ತಿದೆ. ಶಾಂತಿಗ್ರಾಮ ದಾಟುವವರೆಗೂ ಸೆರಗನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡೇ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, ಚಳಿಯಾ ಅಮ್ಮ, ಕಿಟಕಿ ಮುಚ್ಚಲಾ ಎಂದು ಕೇಳಿದಳು. ಚಳಿಯಲ್ಲ, ಸಿಟ್ಟು ಎಂದೆ. ಯಾರ ಮೇಲೆ ಎಂದು ಅವಳು ಕೇಳಿದಳು. ಇಳಿಯುವವರೆಗೂ ಹೇಳುತ್ತಲೇ ಹೋದೆ.